ಕೊನೆ ಭಾಗದ ವೀಸಾ

ಸಿಂಧನೂರಿನ ಗಂಗಾವತಿ ರಸ್ತೆಯ ಕಲ್ಯಾಣಮಂಟಪವೊಂದರಲ್ಲಿ ಊಟಕ್ಕೆ ಕೂತಿದ್ದೆ. ಪಕ್ಕದ ಎಲೆ ಹುಡುಗಿಯ ಸೋದರಮಾವನದು. ಹೋಳಿಗೆ ಬೀಳುವ ಹೊತ್ತಿಗೆ ಅವರು ನನ್ನ ಕಡೆ ವಾಲಿ, "ಹುಡುಗಂದು ಎಚ್‌-ಒನ್ ಐತ್ರಿ ಸರ. ನಮ್ಮ ಹುಡುಗಿದು ಅವನ ಬೆನ್ನಿಗೆ ತಾನಾ ಬರತೈತಿ" ಅಂದರು. ಬೆನ್ನಿಗೆ ಬರೋದು ಏನ್ರಿ ಅಂದೆ. "ವೀಸಾರೀ" ಅಂದವರೇ ತುಪ್ಪದವನನ್ನು ಕೂಗಿದರು. ಹುಡುಗಿ ಎಂಜಿನಿಯರಿಂಗ್ ಮುಗಿಸಿ ಬೆಂಗಳೂರಿನಲ್ಲಿ ನಾಲ್ಕು ವರ್ಷ ದುಡಿದವಳು. ಮದುವೆಯ ಹಿಂದಿನ ತಿಂಗಳಷ್ಟೇ ರಾಜೀನಾಮೆ ಕೊಟ್ಟಿದ್ದಳು. ಆ ಪಂಕ್ತಿಯಲ್ಲಿ ಆ ಸಂಗತಿ ಯಾರ ಬಾಯಲ್ಲೂ ಬರಲಿಲ್ಲ.

'ಬೆನ್ನಿಗೆ ಬರತೈತಿ' ಎಂಬ ಮಾತು ಸಿಂಧನೂರು, ಲಿಂಗಸುಗೂರು, ಮಸ್ಕಿ ಮೂರೂ ಕಡೆ ಈಗ ಗಾದೆಯಷ್ಟು ಗಟ್ಟಿಯಾಗಿದೆ. ಹಿಂದೆ ಬೆಡಗು-ಬಳಿ ವಿಚಾರಿಸಿದ ಮೇಲೆ ಹೊಲ ಎಷ್ಟು ಎಕರೆ, ನೀರಾವರಿಯೋ ಒಣಬೇಸಾಯವೋ ಎಂದು ಕೇಳುತ್ತಿದ್ದರು. ಈಗ ಅದೇ ಜಾಗದಲ್ಲಿ ವೀಸಾ ಯಾವುದು ಎಂದು ಕೇಳುತ್ತಾರೆ. ಕೇಳುವುದು ಒಬ್ಬರದು ಮಾತ್ರ. ಗಂಡನಿಗೊಂದು ಗಟ್ಟಿ ವೀಸಾ ಇದ್ದರೆ ಹೆಂಡತಿಗೆ ಡಿಪೆಂಡೆಂಟ್ ವೀಸಾ ಸುಲಭ, ಅಗ್ಗ, ಸುರಕ್ಷಿತ. ಹೋಗಿ ಸೇರಿಕೊಂಡ ಮೇಲೆ ಮುಂದಿನದು ನೋಡಿದರಾಯಿತು. ಇದು ಹಿರಿಯರ ನಂಬಿಕೆ, ಕನ್ಸಲ್ಟೆನ್ಸಿಯವರ ಉಪದೇಶ, ಎಷ್ಟೋ ಸಲ ಆ ಜೋಡಿಯದೇ ತಿಳಿವಳಿಕೆ. ನನ್ನ ಕಣ್ಣಿಗೆ ಇದರಲ್ಲಿ ಸುಲಭ ಎಂಬುದು ಅರ್ಧ ನಿಜ, ಅಗ್ಗ ಎಂಬುದು ಲೆಕ್ಕ ಬಾರದವರ ಮಾತು, ಸುರಕ್ಷಿತ ಎಂಬುದು ಸುಳ್ಳು.

ಹೊರಗಿನ ದಾರಿಗೆ ನಾವು ಹೊಸಬರಲ್ಲ. ತುಂಗಭದ್ರಾ ಎಡದಂಡೆ ಕಾಲುವೆ ಬಂದ ಮೇಲೆ ಕರಾವಳಿ ಆಂಧ್ರದ ರೈತರು ಇಲ್ಲಿಗೆ ಬಂದು ಕ್ಯಾಂಪು ಕಟ್ಟಿದರು. ಅವರ ಮಕ್ಕಳು ಮೊಮ್ಮಕ್ಕಳು ಹೈದರಾಬಾದಿನಲ್ಲಿ ಓದಿ ಅಮೆರಿಕ ಸೇರಿದರು, ಅವರನ್ನು ನೋಡಿ ಊರವರೂ ದಾರಿ ಕಲಿತರು. ಮುದಗಲ್, ಲಿಂಗಸುಗೂರು ಕಡೆಯಿಂದ ಸೌದಿ, ದುಬೈಗೆ ಹೋಗುವವರದು ಬೇರೆಯದೇ ಸಾಲು. ಸಿಂಧನೂರಿಗೆ ರೈಲು ಬಂದದ್ದು 2024ರಲ್ಲಿ. ವಿಮಾನ ಹತ್ತಿದವರು ಅದಕ್ಕೂ ಎಷ್ಟೋ ಮೊದಲಿನವರು. ಅಮೆರಿಕದ ವೀಸಾ ಸಂದರ್ಶನ ಎಂದರೆ ನಮಗೆ ಹೈದರಾಬಾದು. ಬೆಂಗಳೂರಿನಲ್ಲಿ ಆ ದೇಶದ ಕಾನ್ಸುಲೇಟು 2025ರ ಜನವರಿಯಲ್ಲಿ ಬಾಗಿಲು ತೆರೆಯಿತು, ಆದರೆ ವೀಸಾ ಕೆಲಸವಿಲ್ಲದೆ ತೆರೆಯಿತು. ಹಾಗಾಗಿ ಈಗಲೂ ರಾತ್ರಿ ಬಸ್ಸು, ಬೆಳಗಿನ ಚಹಾ, ಕೈಯಲ್ಲಿ ಪ್ಲಾಸ್ಟಿಕ್ ಫೈಲು. ಇಂಗ್ಲಿಷ್ ಮೇಷ್ಟ್ರು ಎಂಬ ಒಂದೇ ಕಾರಣಕ್ಕೆ ಆ ಫೈಲುಗಳು ಮೊದಲು ನನ್ನ ಮನೆಗೆ ಬರುತ್ತವೆ. ನಾನು ವಕೀಲನೂ ಅಲ್ಲ, ಏಜೆಂಟನೂ ಅಲ್ಲ. ಓದಿ ಹೇಳುವವನು. ಓದಿ ಓದಿ ಹುಟ್ಟಿದ ಸಿಟ್ಟು ಇದು.

ಡಿಪೆಂಡೆಂಟ್ ಎಂಬ ಪದವನ್ನು ನಮ್ಮವರಿಗೆ ಬಿಡಿಸಿ ಹೇಳಲು ನಿಘಂಟು ಬೇಕಿಲ್ಲ. ಕಾಲುವೆಯ ಕೊನೆ ಭಾಗದ ರೈತ ಎಂದರೆ ಸಾಕು. ಹೊಲ ಅವನದೇ, ಬೀಜ ಅವನದೇ, ಬೆವರೂ ಅವನದೇ. ನೀರು ಮಾತ್ರ ಮೇಲಿನವರು ಬಿಟ್ಟಾಗ ಬರಬೇಕು. ಮೇಲ್ಭಾಗದಲ್ಲಿ ಯಾರೋ ಪಂಪು ಇಟ್ಟರೆ ಇವನ ಸಸಿ ಒಣಗುತ್ತದೆ. ಮುನಿರಾಬಾದಿನಲ್ಲಿ ಸಭೆ ಸೇರಿ ನೀರು ಬಂದ್ ಎಂದರೆ ಇವನಿಗೆ ಮರುದಿನದ ಪತ್ರಿಕೆಯಲ್ಲಿ ಗೊತ್ತಾಗುತ್ತದೆ. ಪ್ರತಿವರ್ಷ ಕೊನೆ ಭಾಗಕ್ಕೆ ನೀರು ಮುಟ್ಟಿಸಿ ಎಂದು ರಸ್ತೆ ತಡೆ ಮಾಡುವ ಜನ ನಾವು. ಅದೇ ನಾವು ಮಗಳನ್ನು ಕೊನೆ ಭಾಗಕ್ಕೆ ಕೊಟ್ಟು ಹೋಳಿಗೆ ಊಟ ಹಾಕಿಸುತ್ತೇವೆ.

ಅಮೆರಿಕದ ಕೆಲಸದ ವೀಸಾ ಎಚ್‌-1ಬಿ; ಅದರ ಬೆನ್ನಿಗೆ ಸಂಗಾತಿಗೆ ಬರುವ ಎಚ್‌-4 ಎಂಬುದನ್ನೇ ನೋಡಿ. ಸಂಗಾತಿಯ ಎಚ್‌-1ಬಿ ಉಸಿರಾಡುವವರೆಗೆ ಮಾತ್ರ ಅದರ ಉಸಿರು. ಅದರಲ್ಲಿ ಹೋದವರು ಕೆಲಸ ಮಾಡುವಂತಿಲ್ಲ. ಕೆಲಸದ ಅನುಮತಿ ಇಲ್ಲದವರಿಗೆ ಅಲ್ಲಿನ ಸೋಶಿಯಲ್ ಸೆಕ್ಯುರಿಟಿ ನಂಬರೂ ಸಿಗುವುದಿಲ್ಲ. 2015ರ ಮೇ ತಿಂಗಳಲ್ಲಿ ಒಂದು ಕಿಂಡಿ ತೆರೆಯಿತು. ಸಂಗಾತಿಯ ಕಂಪನಿ ಗ್ರೀನ್ ಕಾರ್ಡಿನ ದಾರಿಯಲ್ಲಿ ಹಾಕಿದ ಐ-140 ಅರ್ಜಿ ಮಂಜೂರಾಗಿದ್ದರೆ, ಇಲ್ಲವೇ ಆ ದಾರಿಯಲ್ಲೇ ಎಚ್‌-1ಬಿ ಆರು ವರ್ಷದ ಗಡಿ ದಾಟಿ ಮುಂದುವರಿದಿದ್ದರೆ, ಎಚ್‌-4ನವರು ಕೆಲಸದ ಅನುಮತಿ ಬೇಡಬಹುದು. ಅಂದರೆ ನಮ್ಮ ಹುಡುಗಿ ಕೆಲಸಕ್ಕೆ ಹೋಗಬೇಕಾದರೆ ಮೊದಲು ಅವಳ ಗಂಡನ ಕಂಪನಿಯ ಮ್ಯಾನೇಜರಿಗೆ ಮನಸ್ಸು ಬರಬೇಕು. ಆ ಕಿಂಡಿಯನ್ನೂ ಮುಚ್ಚಿಸಲು 2015ರಲ್ಲೇ ದಾವೆ ಬಿತ್ತು. ಟ್ರಂಪ್ ಅವರ ಮೊದಲ ಅವಧಿಯ ಸರ್ಕಾರ ಅದನ್ನು ರದ್ದು ಮಾಡುತ್ತೇನೆಂದು ವರ್ಷಗಟ್ಟಲೆ ಹೆದರಿಸಿತು. ಮೇಲ್ಮನವಿ ನ್ಯಾಯಾಲಯ ನಿಯಮವನ್ನು ಎತ್ತಿಹಿಡಿದದ್ದು 2024ರ ಆಗಸ್ಟ್‌ನಲ್ಲಿ. ಅಬ್ಬಾ ಎನ್ನುವಷ್ಟರಲ್ಲಿ, 2025ರ ಅಕ್ಟೋಬರ್ ಕೊನೆಗೆ, ನವೀಕರಣದ ಅರ್ಜಿ ಬಾಕಿ ಇರುವಾಗ ತಾನಾಗಿ ಸಿಗುತ್ತಿದ್ದ ಮುಂದುವರಿಕೆಯನ್ನು ತೆಗೆದುಹಾಕಿದರು. ಅನುಮತಿ ಕಾರ್ಡಿನ ತಾರೀಖು ಮುಗಿದ ದಿನ ಹೊಸ ಕಾರ್ಡು ಕೈಯಲ್ಲಿಲ್ಲದಿದ್ದರೆ ಆ ದಿನವೇ ಮನೆಯಲ್ಲಿ ಕೂರಬೇಕು.

ಗಂಡನ ಕೆಲಸ ಹೋದರೆ? ಅವನಿಗೆ ಹೊಸ ಕಂಪನಿ ಹುಡುಕಿಕೊಳ್ಳಲು ಹೆಚ್ಚೆಂದರೆ 60 ದಿನ. ಅವಳಿಗೂ ಅದೇ 60 ದಿನ. ವಿಚ್ಛೇದನವಾದರೆ ಎಚ್‌-4 ಅಲ್ಲಿಗೆ ಮುಗಿಯಿತು. ಅಮೆರಿಕದಲ್ಲಿ ಗ್ರೀನ್ ಕಾರ್ಡಿಗೆ ಒಂದು ದೇಶದವರಿಗೆ ವರ್ಷಕ್ಕೆ ಶೇಕಡ 7ರ ಮಿತಿ ಇರುವುದರಿಂದ ಭಾರತದವರ ಸರದಿ ದಶಕಗಳಷ್ಟು ಉದ್ದ. ಆ ಸರದಿ ಮುಗಿಯುವವರೆಗೆ ಒಬ್ಬರ ಬೆನ್ನು ಹಿಡಿದು ಇನ್ನೊಬ್ಬರು ನಿಂತಿರಬೇಕು. ಇದಕ್ಕೆ ಸುರಕ್ಷಿತ ಎಂದು ಹೆಸರಿಟ್ಟವರು ಯಾರೋ.

ಅಗ್ಗದ ಮಾತಿಗೆ ಬರೋಣ. ಡಿಪೆಂಡೆಂಟ್ ಅರ್ಜಿಯ ಶುಲ್ಕ ಕಡಿಮೆ, ಓದಿನ ಖರ್ಚಿಲ್ಲ, ಪರೀಕ್ಷೆಯ ಫೀಸಿಲ್ಲ ಎನ್ನುತ್ತಾರೆ. ಬೆಂಗಳೂರಿನಲ್ಲಿ ತಿಂಗಳಿಗೆ 60 ಸಾವಿರ ತರುತ್ತಿದ್ದ ಹುಡುಗಿ ಐದು ವರ್ಷ ಕೈಕಟ್ಟಿ ಕೂತರೆ, ಸಂಬಳ ಒಂದು ರೂಪಾಯಿ ಏರದಿದ್ದರೂ, ಹೋದದ್ದು 36 ಲಕ್ಷ. ಮದುವೆಯಲ್ಲಿ ಹಾಕಿದ ಬಂಗಾರವನ್ನು ತೊಲೆ ತೊಲೆ ಎಣಿಸಿ ಎರಡೂ ಕಡೆಯವರು ಪಟ್ಟಿ ಬರೆದುಕೊಂಡಿರುತ್ತಾರೆ. ಈ 36 ಲಕ್ಷವನ್ನು ಯಾವ ಪಟ್ಟಿಯಲ್ಲೂ ಬರೆಯುವುದಿಲ್ಲ. ಹಟ್ಟಿ ಗಣಿ ಇರುವ ತಾಲ್ಲೂಕಿನವರಿಗೆ ಬಂಗಾರದ ತೂಕ ಗೊತ್ತು, ಸಂಬಳದ ತೂಕ ಗೊತ್ತಿಲ್ಲ. ಐದು ವರ್ಷ ಖಾಲಿ ಬಿದ್ದ ರೆಸ್ಯೂಮೆಯನ್ನು ಮತ್ತೆ ತುಂಬುವ ಕಷ್ಟ ಆ ಹಣದ ಮೇಲಿನ ಬಡ್ಡಿ.

ಇಲ್ಲಿ ನನಗೆ ಗುಳೆ ನೆನಪಾಗುತ್ತದೆ. ಮಸ್ಕಿ, ಲಿಂಗಸುಗೂರಿನ ಒಣಭೂಮಿಯ ಹಳ್ಳಿಗಳಿಂದ ಬೆಂಗಳೂರಿಗೆ ಕಟ್ಟಡ ಕೆಲಸಕ್ಕೆ ಗುಳೆ ಹೋಗುವ ಗಂಡ ಹೆಂಡತಿಯ ಜೊತೆ ಮೇಸ್ತ್ರಿ ಮಾತಾಡುವಾಗ ಇಬ್ಬರ ಕೂಲಿಯೂ ಲೆಕ್ಕಕ್ಕೆ ಬರುತ್ತದೆ. ಹೆಣ್ಣಾಳಿಗೆ ಕಡಿಮೆ ಕೊಡುತ್ತಾನೆ, ಅದು ಬೇರೆ ಅನ್ಯಾಯ. ಆದರೂ ಅವಳನ್ನು ಆಳು ಎಂದು ಎಣಿಸುತ್ತಾನೆ. ಹೆಂಡತಿಗೆ ಅಲ್ಲಿ ಕೆಲಸ ಐತೋ ಇಲ್ಲೋ ಎಂದು ಕೇಳದೆ ಯಾವ ಗುಳೆಯವನೂ ಬಸ್ಸು ಹತ್ತುವುದಿಲ್ಲ. ಅಕ್ಷರ ಬಾರದವರು ಬಸ್‌ಸ್ಟ್ಯಾಂಡಿನಲ್ಲಿ ಕೇಳುವ ಪ್ರಶ್ನೆಯನ್ನು ಎಂಜಿನಿಯರು ಬೀಗರು ಹಾಲಿನ ಸೋಫಾದಲ್ಲಿ ಕೂತು ಕೇಳುವುದಿಲ್ಲ.

'ಆಮ್ಯಾಲ ಬದಲಿ ಮಾಡಿಸಿಕೊಂಡ್ರಾತು' ಎನ್ನುವವರಿದ್ದಾರೆ. ಎಚ್‌-4ನಿಂದ ಸ್ವಂತ ಎಚ್‌-1ಬಿಗೆ ಹೋಗಬೇಕಾದರೆ ಮೊದಲು ಅದಕ್ಕೆ ಒಪ್ಪುವ ಕಂಪನಿ ಸಿಗಬೇಕು, ಆಮೇಲೆ ಲಾಟರಿ. ವರ್ಷಕ್ಕೆ 65 ಸಾವಿರ, ಅಮೆರಿಕದಲ್ಲೇ ಸ್ನಾತಕೋತ್ತರ ಓದಿದವರಿಗೆ ಇನ್ನೂ 20 ಸಾವಿರ. ಅರ್ಜಿ ಹಾಕುವವರು ಅದರ ಹಲವು ಪಟ್ಟು. 2025ರ ಸೆಪ್ಟೆಂಬರ್‌ನಲ್ಲಿ ಹೊಸ ಅರ್ಜಿಗೆ ಒಂದು ಲಕ್ಷ ಡಾಲರ್ ಶುಲ್ಕ ಎಂದು ಘೋಷಿಸಿದರು. ಅಮೆರಿಕದ ಒಳಗೇ ಇದ್ದು ವೀಸಾ ಬದಲಿಸಿಕೊಳ್ಳುವವರಿಗೆ ಅದು ತಗಲುವುದಿಲ್ಲ ಎಂದು ಮರುತಿಂಗಳು ತಿಳಿಸಿದರು. ಇದನ್ನೇ ಹಿಡಿದುಕೊಂಡು 'ನೋಡ್ರಿ, ಅದಕ್ಕಾ ಅನ್ನೋದು, ಹೆಂಗಾರ ಮಾಡಿ ಒಳಗ ಹೋಗಿಬಿಡಬೇಕು' ಎನ್ನುತ್ತಾರೆ. ವಾದದಲ್ಲಿ ಕೊಂಚ ಹುರುಳಿದೆ, ಒಪ್ಪುತ್ತೇನೆ. ಆದರೆ ಶುಲ್ಕ ಉಳಿದರೂ ಲಾಟರಿ ಒಳಗಿನವರಿಗೂ ಲಾಟರಿಯೇ. ಮಟಕಾ ಆಡುವವನಿಗೆ ಬುದ್ಧಿ ಹೇಳುವ ಮನೆಯವರು ಮಗಳ ಹೆಸರಿನಲ್ಲಿ ಓಸಿ ಬರೆಸುತ್ತಿದ್ದಾರೆ.

ಓದಿನ ದಾರಿಯ ಕಥೆ ಇನ್ನೂ ತಮಾಷೆಯದು. ಒಬ್ಬರು ಎಂಎಸ್ಸಿಗೆ ಸೇರುವುದು, ಇನ್ನೊಬ್ಬರು ಡಿಪೆಂಡೆಂಟ್ ಆಗಿ ಹೋಗಿ ದುಡಿಯುವುದು, ಆ ದುಡಿಮೆಯಲ್ಲಿ ಫೀಸು ಕಟ್ಟುವುದು. ಪಂಜಾಬಿನಲ್ಲಿ ಇಂಗ್ಲಿಷ್ ಪರೀಕ್ಷೆಯ ಅಂಕ ನೋಡಿ ಸೊಸೆ ತರುವ ಮಟ್ಟಕ್ಕೆ ಇದು ಹೋಗಿತ್ತು. ನಮ್ಮ ಕಡೆ ಅಷ್ಟಿಲ್ಲ, ಆದರೆ ಕನ್ಸಲ್ಟೆನ್ಸಿ ಫ್ಲೆಕ್ಸುಗಳು ಲಿಂಗಸುಗೂರಿನ ತನಕ ಬಂದಿವೆ. ಬ್ರಿಟನ್ 2024ರ ಜನವರಿ 1ರಿಂದ ಸಂಶೋಧನಾ ಪದವಿಯವರನ್ನು ಬಿಟ್ಟು ಉಳಿದ ಬಹುತೇಕ ವಿದ್ಯಾರ್ಥಿಗಳು ಸಂಗಾತಿಯನ್ನು ಕರೆತರುವುದನ್ನು ನಿಲ್ಲಿಸಿತು. ಅದೇ ಮಾರ್ಚ್‌ನಲ್ಲಿ ವೃದ್ಧರ ಆರೈಕೆಗೆ ಹೋಗುವ ಕೇರ್ ವರ್ಕರ್‌ಗಳ ಕುಟುಂಬಕ್ಕೂ ಬಾಗಿಲು ಹಾಕಿತು. ಕೆನಡಾ ಅದೇ ತಿಂಗಳು ಡಿಪ್ಲೊಮಾ ಓದುವವರ ಸಂಗಾತಿಗೆ ಕೊಡುತ್ತಿದ್ದ ಮುಕ್ತ ಕೆಲಸದ ಪರವಾನಗಿ ಕಿತ್ತುಕೊಂಡು ಸ್ನಾತಕೋತ್ತರ, ಪಿಎಚ್‌ಡಿಯಂಥ ಓದಿಗೆ ಸೀಮಿತ ಮಾಡಿತು. 2025ರ ಜನವರಿಯಲ್ಲಿ ಸ್ನಾತಕೋತ್ತರವಾದರೂ 16 ತಿಂಗಳಿಗೆ ಕಡಿಮೆಯ ಓದಾದರೆ ಇಲ್ಲ ಎಂದಿತು. ಅಮೆರಿಕದಲ್ಲಿ ವಿದ್ಯಾರ್ಥಿಯ ಸಂಗಾತಿಗೆ ಸಿಗುವ ಎಫ್‌-2ರಲ್ಲಿ ಮೊದಲಿನಿಂದಲೂ ಕೆಲಸವಿಲ್ಲ, ಪೂರ್ಣಾವಧಿ ಪದವಿ ಓದುವುದಕ್ಕೂ ಇಲ್ಲ.

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 19ನೇ ಗೇಟಿನ ಚೈನು ತುಂಡಾಯಿತಲ್ಲ, ಅವತ್ತು ನಿದ್ದೆ ಮಾಡದ ಸಿಂಧನೂರಿನ ರೈತನಿಗೆ ನಾನು ಹೇಳುತ್ತಿರುವುದು ಅರ್ಥವಾಗುತ್ತದೆ. ಎಲ್ಲೋ ದೂರದ ಒಂದು ಚೈನು. ಇಲ್ಲಿ ಹೊಲದಲ್ಲಿ ನಾಟಿ ಮಾಡಿದವನ ತಪ್ಪು ಏನೂ ಇಲ್ಲ. ವ್ಯತ್ಯಾಸ ಇಷ್ಟೇ: ಗೇಟಿಗೆ ಒಂದೇ ವಾರದಲ್ಲಿ ಸ್ಟಾಪ್‌ಲಾಗ್ ಇಳಿಸಿ ನೀರು ನಿಲ್ಲಿಸಿದರು. ಲಂಡನ್ನಿನ ನಿಯಮಕ್ಕೆ ಸ್ಟಾಪ್‌ಲಾಗ್ ಇಳಿಸುವವರು ನಮ್ಮಲ್ಲಿ ಇಲ್ಲ.

ಹಾಗಂತ ಡಿಪೆಂಡೆಂಟ್ ಎಂಬ ಹಣೆಪಟ್ಟಿ ಇರುವ ದಾರಿಗಳೆಲ್ಲ ಒಂದೇ ಅಲ್ಲ. ಇದೇ ನನ್ನ ಜಗಳದ ಮುಖ್ಯ ಭಾಗ. ಕಂಪನಿಯೇ ತನ್ನ ನೌಕರನನ್ನು ಅಮೆರಿಕದ ಶಾಖೆಗೆ ಕಳಿಸುವ ಎಲ್‌-1 ದಾರಿಯಲ್ಲಿ ಸಂಗಾತಿಗೆ ಎಲ್‌-2. 2021ರ ನವೆಂಬರಿನಿಂದ ಅವರು ಬೇರೆ ಅನುಮತಿ ಬೇಡದೆ ಕೆಲಸ ಮಾಡಬಹುದು. ಜರ್ಮನಿಯ ಬ್ಲೂ ಕಾರ್ಡಿನವರ ಸಂಗಾತಿಗೆ ಹೊರಡುವ ಮೊದಲು ಜರ್ಮನ್ ಪರೀಕ್ಷೆಯೂ ಬೇಡ, ಹೋದ ದಿನದಿಂದ ಕೆಲಸದ ಹಕ್ಕೂ ಉಂಟು. ಬ್ರಿಟನ್ನಿನ ಸ್ಕಿಲ್ಡ್ ವರ್ಕರ್ ಜೊತೆ ಹೋದವರು ಯಾವ ಕಂಪನಿಯ ಪ್ರಾಯೋಜಕತ್ವವೂ ಇಲ್ಲದೆ ದುಡಿಯಬಹುದು. ಎರೆಹೊಲ, ಮಸಾರಿ, ಸವಳು ಎಲ್ಲಕ್ಕೂ ನೆಲ ಎಂದೇ ಹೆಸರು; ಕೊಳ್ಳುವಾಗ ನಾವು ಮಣ್ಣು ಹಿಡಿದು ನೋಡುತ್ತೇವೆ. ಅಮೆರಿಕಕ್ಕೆ ಹೋಗಲು ಎರಡು ಆಫರು ಕೈಯಲ್ಲಿದ್ದ ಹುಡುಗನೊಬ್ಬ ಸಂಬಳ ಹೆಚ್ಚೆಂದು ಬೇರೆ ಕಂಪನಿಯ ಎಚ್‌-1ಬಿ ಆರಿಸಿಕೊಂಡ. ಕಡಿಮೆ ಸಂಬಳದ ಇನ್ನೊಂದು ಅವನು ಇಲ್ಲಿ ದುಡಿಯುತ್ತಿದ್ದ ಕಂಪನಿಯದೇ ಎಲ್‌-1 ಆಗಿತ್ತು, ಹೆಂಡತಿ ಬಂದ ವಾರವೇ ಕೆಲಸ ಹುಡುಕಬಹುದಿತ್ತು. ಮನೆಯಲ್ಲಿ ಒಬ್ಬರೂ ಎರಡು ಸಂಬಳ ಕೂಡಿಸಿ ನೋಡಿರಲಿಲ್ಲ.

ಈಗ ಬರುವುದು ನಮ್ಮವರ ಗಂಟಲಿಗೆ ಸಿಕ್ಕಿಕೊಳ್ಳುವ ಮುಳ್ಳು: ಹೆಂಡತಿಯ ವೀಸಾದ ಬೆನ್ನಿಗೆ ಗಂಡ.

ಲಿಂಗಸುಗೂರು ಕಡೆಯ ನರ್ಸ್ ಒಬ್ಬಾಕೆ ಬ್ರಿಟನ್ನಿಗೆ ತಯಾರಿ ನಡೆಸಿದ್ದಳು. ಇಂಗ್ಲಿಷ್ ಪರೀಕ್ಷೆ ದಾಟಿದ್ದಳು. ಅಲ್ಲಿನ ನರ್ಸಿಂಗ್ ಕೌನ್ಸಿಲಿನ ಕಂಪ್ಯೂಟರ್ ಪರೀಕ್ಷೆಯೂ ಮುಗಿದಿತ್ತು. ಅಲ್ಲಿಗೆ ಹೋಗಿ ಕೊಡುವ ಪ್ರಾಯೋಗಿಕ ಪರೀಕ್ಷೆಯಷ್ಟೇ ಬಾಕಿ. ಬಾಗಿಲು ಮುಚ್ಚಿದ್ದು ಕೇರ್ ವರ್ಕರ್ ಕುಟುಂಬಗಳಿಗೆ, ನರ್ಸುಗಳ ಕುಟುಂಬಕ್ಕಲ್ಲ. ಅವಳ ಗಂಡ ಜೊತೆಗೆ ಹೋಗಬಹುದಿತ್ತು, ಸಿಕ್ಕ ಕೆಲಸ ಮಾಡಬಹುದಿತ್ತು. ಇತರ ಕೆಲಸದ ವೀಸಾದವರು ವರ್ಷಕ್ಕೆ ತಲೆಗೆ 1,035 ಪೌಂಡು ಕಟ್ಟುವ ಆರೋಗ್ಯ ಸರ್ಚಾರ್ಜು ನರ್ಸುಗಳ ವೀಸಾದಲ್ಲಿ ಇಬ್ಬರಿಗೂ ಮಾಫಿ. ನಾನು ಇಷ್ಟೆಲ್ಲ ಓದಿ ಹೇಳಿದ ಮೇಲೆ ಮಾವನವರು ಕೇಳಿದ್ದು ಒಂದೇ ಮಾತು: "ಅಂದ್ರ ನಮ್ಮ ಹುಡುಗ ಅಕಿ ಬೆನ್ನಿಗೆ ಹೋಗಬೇಕನ್ರಿ? ಮನಿಅಳಿಯ ಆದಂಗ ಆತಲ್ರಿ." ಗಂಡ ಪಕ್ಕದಲ್ಲೇ ಕೂತಿದ್ದ. ಮೊಬೈಲು ನೋಡುತ್ತಿದ್ದ. ಫೈಲನ್ನು ಆಕೆಯೇ ಮಡಿಚಿ ಚೀಲಕ್ಕೆ ಹಾಕಿಕೊಂಡಳು. ಮೇಲೆ ಕಾಣುತ್ತಿದ್ದುದು ಅವಳ ಅಂಕಪಟ್ಟಿ.

ನೋಡಿ, ಬೆನ್ನಿಗೆ ಹೋಗುವುದರಲ್ಲಿ ಅವಮಾನವಿದೆ ಎಂಬುದು ನಮ್ಮವರಿಗೆ ಚೆನ್ನಾಗಿ ಗೊತ್ತು. ಗಂಡಸಿನ ಸರದಿ ಬಂದಾಗ ಮಾತ್ರ ಗೊತ್ತಾಗುತ್ತದೆ. ಹೆಣ್ಣಿಗೆ ಅದೇ ಸ್ಥಿತಿಯನ್ನು 'ಸೆಟ್ಲ್ ಆದಳು' ಎಂದು ಕರೆಯುತ್ತಾರೆ.

ಇದಕ್ಕೆ ಎದುರಾಗಿ ಇನ್ನೊಂದು ಸಂಜೆ ನನ್ನ ಊಟದ ಮೇಜಿನ ಮೇಲೆ ನಡೆದದ್ದು. ಮಸ್ಕಿಯ ಜೋಡಿ, ಕೆನಡಾದ ಕಾಯಂ ವಾಸಕ್ಕೆ ಅಂಕ ಲೆಕ್ಕ ಹಾಕಲು ಬಂದಿದ್ದರು. ಅವನಿಗೆ 35, ಅವಳಿಗೆ 28. ಇಬ್ಬರದೂ ಒಂದೇ ಪದವಿ. ಅವನು ಸಹಜವಾಗಿ ಮುಖ್ಯ ಅರ್ಜಿದಾರ ಎಂಬ ಕಡೆ ತನ್ನ ಹೆಸರು ಟೈಪು ಮಾಡಿದ್ದ. ಎಕ್ಸ್‌ಪ್ರೆಸ್ ಎಂಟ್ರಿ ಪದ್ಧತಿಯಲ್ಲಿ ಸಂಗಾತಿಯ ಜೊತೆ ಹೋಗುವವರಿಗೆ ವಯಸ್ಸಿನ ಅಂಕ 20ರಿಂದ 29ರವರೆಗೆ 100. ಅಲ್ಲಿಂದ ವರ್ಷಕ್ಕೆ ಐದೈದು ಇಳಿಯುತ್ತ 35ಕ್ಕೆ 70 ಆಗುತ್ತದೆ. ಜೋಡಿಯಲ್ಲಿ ಯಾರು ಬೇಕಾದರೂ ಮುಖ್ಯ ಅರ್ಜಿದಾರ ಆಗಬಹುದು. ಹೆಸರು ತಿರುವು ಮುರುವು ಮಾಡಿ ನೋಡಿ ಅಂದೆ. ಅವಳು ಲ್ಯಾಪ್‌ಟಾಪು ತನ್ನ ಕಡೆ ಎಳೆದುಕೊಂಡಳು. ವಯಸ್ಸಿಗೇ 30 ಅಂಕ ಹೆಚ್ಚಾಯಿತು, ಅವಳ ಇಂಗ್ಲಿಷ್ ಅಂಕ ಸೇರಿ ಇನ್ನಷ್ಟು ಏರಿತು. ಅವನು ಒಂದು ಗಳಿಗೆ ಸುಮ್ಮನಿದ್ದು, "ಏಳು ವರ್ಷ ಸಣ್ಣಾಕಿನ್ನ ಮಾಡಿಕೊಂಡಿದ್ದು ಉಪಯೋಗ ಆತು ನೋಡ್ರಿ ಸರ" ಎಂದು ನಕ್ಕ. ಹುಡುಗನಿಗಿಂತ ಹುಡುಗಿ ಐದಾರು ವರ್ಷ ಚಿಕ್ಕವಳಿರಬೇಕೆಂದು ಹಟ ಹಿಡಿಯುವ ನಮ್ಮ ಹಿರಿಯರು ತಮಗೆ ಗೊತ್ತಿಲ್ಲದೆಯೇ ಸೊಸೆಯಂದಿರನ್ನು ಮುಖ್ಯ ಅರ್ಜಿದಾರರನ್ನಾಗಿ ತಯಾರು ಮಾಡಿಟ್ಟಿದ್ದಾರೆ. ಆ ಅರ್ಜಿ ಗೆದ್ದರೆ ಇಬ್ಬರಿಗೂ ಕಾಯಂ ವಾಸ ಸಿಗುತ್ತದೆ, ಒಬ್ಬರದು ಇನ್ನೊಬ್ಬರ ಬೆನ್ನಿಗೆ ಅಂಟಿಕೊಂಡಿರುವುದಿಲ್ಲ. ಅವರು ಹೋದರೋ ಇಲ್ಲವೋ, ಆ ಸಂಜೆ ಆ ಮೇಜಿನ ಮೇಲೆ ಇಬ್ಬರ ಹೆಸರೂ ಒಂದೊಂದು ಸಲ ಮೊದಲನೆಯದಾಗಿತ್ತು.

ಬೇರೆ ಬೇರೆ ದಾರಿ ಹಿಡಿದರೆ ಹೊಸ ಜೋಡಿ ವರ್ಷಗಟ್ಟಲೆ ಅಗಲಿರಬೇಕಾಗುತ್ತದೆ, ಸಂಸಾರ ಒಡೆಯುತ್ತದೆ ಎಂಬ ಆಕ್ಷೇಪ ಇದೆ. ಕೇಳಲು ಕರುಣೆಯ ಮಾತು. ಆದರೆ ಸೌದಿಗೆ ಹೋದ ಮಗ ಎರಡು ವರ್ಷಕ್ಕೊಮ್ಮೆ ಬಂದು ಹೋಗುವಾಗ ಈ ಕರುಣೆ ಎಲ್ಲಿರುತ್ತದೆ? ಅಲ್ಲಿ ಕುಟುಂಬ ಇಟ್ಟುಕೊಳ್ಳಬೇಕಾದರೆ ಅವಲಂಬಿತರ ತಲೆಗೆ ತಿಂಗಳಿಗೆ 400 ರಿಯಾಲ್ ಶುಲ್ಕ. 2017ರಲ್ಲಿ 100ರಿಂದ ಶುರುವಾಗಿ 2020ಕ್ಕೆ ಅಲ್ಲಿಗೆ ಮುಟ್ಟಿತು. ಡ್ರೈವರ್ ಸಂಬಳದಲ್ಲಿ ಅದು ಆಗುವ ಮಾತಲ್ಲ, ಹಾಗಾಗಿ ಹೆಂಡತಿ ಮುದಗಲ್ಲಿನಲ್ಲೇ ಉಳಿಯುತ್ತಾಳೆ, ಮಕ್ಕಳು ವಿಡಿಯೊ ಕಾಲಿನಲ್ಲಿ ಅಪ್ಪನನ್ನು ಗುರುತಿಸುತ್ತವೆ. ಆ ಅಗಲಿಕೆಯನ್ನು ಮೂರು ತಲೆಮಾರು ನುಂಗಿದೆ. ಹೆಣ್ಣು ತನ್ನ ಸ್ವಂತ ವೀಸಾಕ್ಕಾಗಿ ಎಂಟು ತಿಂಗಳು ತಡ ಮಾಡಿದರೆ ಮಾತ್ರ ಸಂಸಾರ ಒಡೆಯುತ್ತದಂತೆ.

ಸಂಸಾರ ನಿಜಕ್ಕೂ ಒಡೆದಾಗ ಏನಾಗುತ್ತದೆ ಎಂಬುದು ನಮ್ಮ ನ್ಯಾಯಾಲಯಗಳಿಗೆ ಹಳೆಯ ವಿಷಯ. ಅಮೆರಿಕದ ಮಿಸೌರಿಯಲ್ಲಿ ಪಡೆದು ತಂದ ವಿಚ್ಛೇದನವೊಂದು ಇಲ್ಲಿ ನಡೆಯುವುದಿಲ್ಲ ಎಂದು ಸುಪ್ರೀಂ ಕೋರ್ಟ್ 1991ರಲ್ಲಿ ನರಸಿಂಹ ರಾವ್ ಪ್ರಕರಣದಲ್ಲಿ ಹೇಳಿತು. 1994ರಲ್ಲಿ ನೀರಜಾ ಸರಾಫ್ ಪ್ರಕರಣ ಬಂತು. ವಿದೇಶದ ಗಂಡನ ಬಳಿ ಹೋಗಲೆಂದು ಕೆಲಸ ಬಿಟ್ಟು ಕಾಯುತ್ತ ಕೂತ ಹೆಣ್ಣಿನ ಕೈಗೆ ಬಂದದ್ದು ಮದುವೆ ರದ್ದತಿಯ ಕಾಗದ. ಇಂಥ ಹೆಣ್ಣುಗಳಿಗಾಗಿ ಕಾನೂನು ಮಾಡಿ ಎಂದು ಕೋರ್ಟು ಅಂದೇ ಹೇಳಿತು. 30 ವರ್ಷ ಕಳೆದು, 2024ರ ಫೆಬ್ರುವರಿಯಲ್ಲಿ, ಕಾನೂನು ಆಯೋಗ ತನ್ನ 287ನೇ ವರದಿಯಲ್ಲಿ ಮತ್ತೆ ಅದನ್ನೇ ಹೇಳಿತು: ಅನಿವಾಸಿಯ ಮದುವೆಗಳ ನೋಂದಣಿ ಕಡ್ಡಾಯ ಮಾಡಿ, ಪಾಸ್‌ಪೋರ್ಟಿನಲ್ಲಿ ಇಬ್ಬರ ಕಾಗದವೂ ಜೋಡಿಯಾಗಿರಲಿ ಎಂದು. ನೀರಜಾ ಕೆಲಸ ಬಿಟ್ಟದ್ದು ಕಳೆದ ಶತಮಾನದಲ್ಲಿ. ಆ ಮಂಟಪದ ಹುಡುಗಿ ಬಿಟ್ಟದ್ದು ಮದುವೆಯ ಹಿಂದಿನ ತಿಂಗಳು.

ಜೋಡಿ ಎಂದರೆ ಹಿರಿಯರು ಕೂಡಿಸಿದ ಜೋಡಿ ಮಾತ್ರವೂ ಅಲ್ಲ. ಜಾತಿ ದಾಟಿ ಪ್ರೀತಿಸಿದವರು ಊರು ಬಿಡುವ ದಾರಿಯಾಗಿ ವೀಸಾ ಹುಡುಕುವುದನ್ನು ನಾನು ಬಲ್ಲೆ. ಯಾಕೆ ಹುಡುಕುತ್ತಾರೆ ಎಂದು ಸಿಂಧನೂರಿನವರು ಕೇಳುವ ಹಾಗಿಲ್ಲ. 2020ರ ಜುಲೈಯಲ್ಲಿ ಇದೇ ಊರಿನ ಸುಕಾಲಪೇಟೆಯಲ್ಲಿ ಪ್ರೇಮವಿವಾಹದ ಸೇಡಿಗೆ ಒಂದೇ ಮನೆಯ ಹಲವರನ್ನು ಕೊಂದರು. 2025ರಲ್ಲಿ ಇಲ್ಲಿನ ನ್ಯಾಯಾಲಯ ಮೂವರಿಗೆ ಮರಣದಂಡನೆ ವಿಧಿಸಿತು. ಇಂಥ ಜೋಡಿಗೆ ಬೆನ್ನಿಗೆ ಬರುವ ವೀಸಾ ಇನ್ನೂ ಅಪಾಯದ್ದು. ಎಚ್‌-4ಗೆ ಮದುವೆಯ ದಾಖಲೆಯೇ ಬೇಕು. 1954ರ ವಿಶೇಷ ವಿವಾಹ ಕಾಯ್ದೆಯಲ್ಲಿ ಆ ದಾಖಲೆ ಪಡೆಯಲು 30 ದಿನ ಕಚೇರಿಯ ಬೋರ್ಡಿನ ಮೇಲೆ ಹೆಸರು, ವಿಳಾಸ ನೇತಾಡಬೇಕು. ಯಾರಿಂದ ಅಡಗಿಕೊಂಡಿದ್ದಾರೋ ಅವರಿಗೇ ನೋಟಿಸು ಅಂಟಿಸಿದ ಹಾಗೆ. ಕೆನಡಾ ಒಂದು ವರ್ಷ ಕೂಡಿ ಬಾಳಿದವರನ್ನು ಮದುವೆಯಿಲ್ಲದೆಯೂ ಜೋಡಿ ಎಂದು ಒಪ್ಪುತ್ತದೆ. ಬ್ರಿಟನ್ ಎರಡು ವರ್ಷದ ದಾಂಪತ್ಯದಂಥ ಸಂಬಂಧ ಕೇಳುತ್ತದೆ. ಆದರೆ ಕೂಡಿ ಬಾಳಿದ್ದಕ್ಕೆ ಬಾಡಿಗೆ ಕರಾರು, ಬ್ಯಾಂಕ್ ಖಾತೆ ತೋರಿಸಬೇಕು. ಮದುವೆಯಾಗದ ಜೋಡಿಗೆ ಮನೆ ಬಾಡಿಗೆ ಕೊಡುವ ಮಾಲೀಕ ಲಿಂಗಸುಗೂರಿನಲ್ಲಿ ಸಿಕ್ಕರೆ ನನಗೂ ತಿಳಿಸಿ. ಹಾಗಾಗಿ ಇಂಥವರಿಗೆ ನಾನು ಹೇಳುವುದು: ಇಬ್ಬರೂ ಸ್ವಂತ ಕಾಲಿನ ಮೇಲೆ, ಓದಿನದೋ ಕೆಲಸದ್ದೋ, ಬೇರೆ ಬೇರೆ ಕಾಗದ ಮಾಡಿಸಿ ಒಂದೇ ಊರಿಗೆ ಹೋಗಿ. ಮದುವೆ ಅಲ್ಲಾಗಲಿ.

ಕಾಗದದಲ್ಲಿ ಹೆಸರಿಲ್ಲದೆ ಬಾಳುವುದು ಏನೆಂದು ತಿಳಿಯಲು ಸಿಂಧನೂರಿನವರು ಬಹಳ ದೂರ ಹೋಗಬೇಕಿಲ್ಲ. ತಾಲ್ಲೂಕಿನ ಆರ್‌ಎಚ್ ಕ್ಯಾಂಪುಗಳಿಗೆ ಹೋದರೆ ಸಾಕು. ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಳಿ ಕುಟುಂಬಗಳು ದಶಕಗಳಿಂದ ಅಲ್ಲಿ ಉತ್ತಿವೆ, ಬಿತ್ತಿವೆ, ಮೀನು ಸಾಕಿವೆ, ಕನ್ನಡ ಕಲಿತಿವೆ. ಅವರಲ್ಲಿ ಎಷ್ಟೋ ಜನ ಪೌರತ್ವದ ಕಾಗದಕ್ಕಾಗಿ ಕಾಯುತ್ತಲೇ ಮುದುಕರಾದರು. ಕೆಲವರ ಕೈಗೆ ಅದು ಬಂದದ್ದು 2024ರಲ್ಲಿ, ಪೌರತ್ವ ತಿದ್ದುಪಡಿ ಕಾಯ್ದೆಯ ಅಡಿಯಲ್ಲಿ. ಆ ಕ್ಯಾಂಪಿನ ಅಜ್ಜನೊಬ್ಬನಿಗೆ 'ಹೋಗಿ ಸೇರಿಕೊಂಡರಾಯಿತು, ಕಾಗದ ಆಮೇಲೆ ನೋಡೋಣ' ಎಂದು ಹೇಳಿ ನೋಡಿ.

ಮಸ್ಕಿಯವರಿಗಂತೂ ಹೆಸರಿನ ಮಹತ್ವ ಹೇಳುವುದೇ ತಪ್ಪು. 1915ರಲ್ಲಿ ಬೀಡನ್ ಎಂಬ ಗಣಿ ಎಂಜಿನಿಯರು ಬಂಗಾರ ಹುಡುಕುತ್ತ ಬಂದು ಅಲ್ಲಿನ ಗುಡ್ಡದ ಬಂಡೆಯ ಮೇಲೆ ಬರಹ ಕಂಡ. ಅಲ್ಲಿಯತನಕ ಸಿಕ್ಕಿದ್ದ ಶಾಸನಗಳಲ್ಲಿ ದೇವಾನಾಂಪ್ರಿಯ, ಪ್ರಿಯದರ್ಶಿ ಎಂಬ ಬಿರುದುಗಳಷ್ಟೇ ಇದ್ದವು. ಅವೆಲ್ಲ ಅಶೋಕನವೇ ಎಂದು ಕಲ್ಲಿನ ಮೇಲೆ ಸಾಕ್ಷಿ ಸಿಕ್ಕಿದ್ದು ಮಸ್ಕಿಯಲ್ಲಿ. ಚಕ್ರವರ್ತಿಗೂ ಬಿರುದು ಸಾಲಲಿಲ್ಲ, ಹೆಸರು ಬೇಕಾಯಿತು. ಇಂಥವರ ಹೆಂಡತಿ ಎಂಬುದೂ ಒಂದು ಬಿರುದೇ. ವಿಮಾನ ನಿಲ್ದಾಣದ ಕಿಟಕಿಯಲ್ಲಿ ಕೂತವನು ಅದರ ತಾರೀಖು ನೋಡುತ್ತಾನೆ.

ಆ ಮದುವೆಯ ದಿನ ಊಟ ಮುಗಿಸಿ ಮುಯ್ಯಿ ಕೊಡಲು ವೇದಿಕೆ ಹತ್ತಿದೆ. ಸಾಲು ಉದ್ದವಿತ್ತು, ಫೋಟೊದವನು ಅವಸರ ಮಾಡುತ್ತಿದ್ದ. ಹುಡುಗನ ಕೈ ಕುಲುಕುತ್ತ, "ಐ-140 ಆಗೈತೇನಪಾ?" ಎಂದೆ. ಅವನಿಗೆ ಅಚ್ಚರಿಯಾಯಿತು. "ಇಲ್ರಿ ಸರ, ಕಂಪನಿ ಇನ್ನೂ ಶುರುನ ಮಾಡಿಲ್ಲ. ಮುಂದಿನ ವರ್ಷ ನೋಡೋಣು ಅಂದಾರ" ಎಂದ. ಹುಡುಗಿ ಬಾಸಿಂಗ ಸರಿಮಾಡಿಕೊಳ್ಳುತ್ತಿದ್ದವಳು ಕೈ ನಿಲ್ಲಿಸಿ ಅವನ ಕಡೆ ತಿರುಗಿ, "ಅದೇನ್ರೀ ಅದು?" ಎಂದಳು. ಸೋದರಮಾವ ಹಿಂದಿನಿಂದ ಬಂದು, "ಮದುವಿ ಮನ್ಯಾಗ ಆಫೀಸಿನ ಮಾತು ಯಾಕ್ರಿ ಸರ, ನಗರಿ, ಫೋಟೊ ತಗಿಯಾಕತ್ತಾನ" ಎಂದು ನನ್ನ ಹೆಗಲ ಮೇಲೆ ಕೈಹಾಕಿ ಪಕ್ಕಕ್ಕೆ ನಿಲ್ಲಿಸಿದರು. ಆ ಫೋಟೊ ಆಮೇಲೆ ನನ್ನ ಮೊಬೈಲಿಗೂ ಬಂತು. ಎಲ್ಲರೂ ಕ್ಯಾಮೆರಾ ನೋಡುತ್ತಿದ್ದಾರೆ. ಹುಡುಗಿ ಮಾತ್ರ ಇನ್ನೂ ಅವನನ್ನೇ ನೋಡುತ್ತಿದ್ದಾಳೆ.